ಹಮಾಲಿಗಳು ಕಡಿಮೆಯಾದರೆ?

ಕಾರ್ಟೂನ್ ಎಂದರೆ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವುದು, ಗೋಡೆಗೆ ಬಡಿದು ಅಪ್ಪಚ್ಚಿಯಾಗುವುದು, ಇಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಆ ನಂಬಿಕೆಯನ್ನು ಕೆಡವಿದಳು.

ಅವಳು ಹಟ ಹಿಡಿದು ತೋರಿಸಿದ್ದು ‘ಒನ್ಸ್ ಅಪಾನ್ ಎ ಟೈಮ್... ಲೈಫ್’ ಎಂಬ ಸರಣಿ. ಫ್ರಾನ್ಸಿನ ಆಲ್ಬೇರ್ ಬಾರಿಯೆ 1987ರಲ್ಲಿ ತೆರೆಗೆ ತಂದದ್ದು. ಒಟ್ಟು 26 ಕಂತು. ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ ನಮ್ಮ ದೇಹವೇ ಒಂದು ದೊಡ್ಡ ಊರು. ಬಿಳಿ ರಕ್ತಕಣಗಳು ಪೊಲೀಸರು, ರೋಗಾಣುಗಳು ಪುಂಡರು. ಕೆಂಪು ರಕ್ತಕಣಗಳು ಮಾತ್ರ ಪಾಪ, ಹಮಾಲಿಗಳು. ಶ್ವಾಸಕೋಶದಲ್ಲಿ ಆಮ್ಲಜನಕದ ಗುಳ್ಳೆಗಳನ್ನು ಬೆನ್ನಿಗೇರಿಸಿಕೊಂಡು ಮೈಗೆಲ್ಲ ಹಂಚಿ, ಇಂಗಾಲದ ಡೈಆಕ್ಸೈಡ್ ಹೊತ್ತು ಮರಳುತ್ತವೆ.

ನಾನು ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ನನ್ನಾಕೆ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಹಮಾಲಿಗಳು ಕಡಿಮೆಯಾದರೆ ಏನಾಗುತ್ತೆ ತಾತ?” ಮೊಮ್ಮಗಳ ಪ್ರಶ್ನೆ.

“ಗುಳ್ಳೆ ಸಾಲದೆ ಮೈಗೆ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು” ಎಂದೆ, ಮೇಷ್ಟರ ಗತ್ತಿನಲ್ಲಿ.

ಹುಡುಗಿ ಹಿಂದಕ್ಕೆ ತಿರುಗಿ, “ಅಜ್ಜೀ, ನಿನಗೂ ಹಾಗೇ ಆಗುತ್ತಲ್ವಾ?” ಎಂದಳು. ನನ್ನಾಕೆ ನಕ್ಕು ಒಳಗೆ ಹೋದಳು.

ನನ್ನ ಬಾಯಿ ಕಟ್ಟಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಹಿಮೋಗ್ಲೋಬಿನ್ ಎಂದು ಬರೆದು ಅಳಿಸಿದವನು ನಾನು. ಬಟ್ಟೆ ಒಣಹಾಕಲು ಮಹಡಿ ಹತ್ತುವಾಗ ಇವಳು ನಡುವೆ ಎರಡು ಸಲ ನಿಲ್ಲುತ್ತಿದ್ದುದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಿದ್ದೆ. ಮಾರನೆಯ ದಿನವೇ ರಕ್ತಪರೀಕ್ಷೆ ಮಾಡಿಸಿದೆವು. ಹೆಂಗಸರಿಗೆ ನೂರು ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಇವಳಿಗಿದ್ದದ್ದು 7.8. ಡಾಕ್ಟರು ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರು, ಕಬ್ಬಿಣದ ಮಾತ್ರೆ ಬರೆದರು. ಈಗ ನಿಲ್ಲದೆ ಮಹಡಿ ಹತ್ತುತ್ತಾಳೆ.

ಸರಣಿ ಹಳೆಯದು, ಅದರಲ್ಲಿ ಕಂಡದ್ದೆಲ್ಲ ಪಾಠವಲ್ಲ. ನಿಜವಾದ ಕೆಂಪು ಕಣಕ್ಕೆ ಮಾತೂ ಇಲ್ಲ, ಕೋಶಕೇಂದ್ರವೂ ಇಲ್ಲ. ಸುಮಾರು 120 ದಿನ ದುಡಿದು ಅದು ಅಳಿಯುತ್ತದೆ. ಇದನ್ನೆಲ್ಲ ಪಕ್ಕದಲ್ಲಿ ಕೂತ ಹಿರಿಯರೇ ಹೇಳಬೇಕು. ಆದ್ದರಿಂದ ಮಕ್ಕಳನ್ನು ಟಿ.ವಿ. ಮುಂದೆ ಬಿಟ್ಟು ನಿಮ್ಮ ಕೆಲಸಕ್ಕೆ ಹೋಗಬೇಡಿ. ದಿನಕ್ಕೆ ಒಂದೇ ಕಂತು ಸಾಕು, ಮನೆಮಂದಿಯೆಲ್ಲ ಕೂತು ನೋಡಿ. ಅಡುಗೆಮನೆಯಲ್ಲಿರುವವರನ್ನೂ ಕರೆಯಿರಿ, ಬಾಗಿಲಲ್ಲೇ ನಿಲ್ಲಿಸಬೇಡಿ.