ಪರದೆಯ ಹಿಂದಿನ 8,000 ಬೈಟು

ಬರ್ಕ್ಲಿಯ ಡೌನ್‌ಟೌನ್ ಸ್ಟೇಷನ್ನಿನಿಂದ ಮೇಲೆ ಹತ್ತಿ ಬಂದರೆ ಹತ್ತಿರದಲ್ಲೇ ಷಟ್ಟಕ್ ಅವೆನ್ಯೂ 2150, ಊರಿಗೆಲ್ಲ ಕಾಣುವ ಎತ್ತರದ ಕಟ್ಟಡ. ಬರ್ಕ್ಲಿ ಸಾಫ್ಟ್‌ವರ್ಕ್ಸ್ ಕಂಪನಿಯ ಕೈಪಿಡಿಗಳ ಮೇಲೆ ಅಚ್ಚಾಗುತ್ತಿದ್ದ ವಿಳಾಸ ಇದೇ. 1986ರಲ್ಲಿ ಅವರು ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಜಿಯೋಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹೊರತಂದರು. ಒಟ್ಟು 64 ಕೆಬಿ ಮೆಮೊರಿ, ಸುಮಾರು 1 ಮೆಗಾಹರ್ಟ್ಸ್ ವೇಗ. ಅಷ್ಟರಲ್ಲೇ ಐಕಾನು, ಮೆನು, ಬಗೆಬಗೆಯ ಫಾಂಟು! ಕತ್ತೆತ್ತಿ ನೋಡಿದೆ, ಫೋಟೊ ತೆಗೆದೆ. “ಇದಕ್ಕೆ ಇಲ್ಲೀತನಕ ಬಂದ್ಯಾ ಮಾರಾಯ?” ಎಂದ ಗೆಳೆಯ.

ನಿಜವಾಗಿ ನೋಡಬೇಕಾದದ್ದು ಕೊಲ್ಲಿಯ ಆಚೆಗಿತ್ತು. ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್. ಸಾಲು ಮೇಜುಗಳ ಮೇಲೆ ಹಳೆಯ ಯಂತ್ರಗಳು, ಪಕ್ಕದಲ್ಲೇ ಅವುಗಳ ಯಜಮಾನರು. ಮುಟ್ಟಬಹುದು, ಕೇಳಬಹುದು. ಒಂದು ಮೇಜಿನ ಮುಂದೆ ನಿಂತವನು ಮಧ್ಯಾಹ್ನದ ಊಟವನ್ನೇ ಮರೆತೆ.

ಅಲ್ಲೊಬ್ಬ ನರೆಗಡ್ಡದ ಮನುಷ್ಯ ಜಿಯೋಸ್‌ಗೆ ಹೊಸದಾಗಿ ಕ್ಯಾಲೆಂಡರ್ ಬರೆಯುತ್ತಿದ್ದ. ಬರೆಯುವುದು ಸಿ ಭಾಷೆಯಲ್ಲಿ, ಲ್ಯಾಪ್‌ಟಾಪಿನ ಮೇಲೆ. ಅದನ್ನು 6502 ಪ್ರೊಸೆಸರಿನ ಭಾಷೆಗೆ ಇಳಿಸುವುದು ಸಿಸಿ65 ಕಂಪೈಲರು. ತೊಂದರೆ ಶುರುವಾದದ್ದು ಕೋಡನ್ನು ಮೆಮೊರಿಗೆ ಹೊಂದಿಸಿ ಜೋಡಿಸುವ ಲಿಂಕರಿನಲ್ಲಿ: ಕೋಡು ಕೊಟ್ಟ ಜಾಗದಲ್ಲಿ ಹಿಡಿಸುತ್ತಿಲ್ಲ ಎಂದು ಅದು ಕೈಚೆಲ್ಲಿತ್ತು. ಜಿಯೋಸ್ ಪ್ರೋಗ್ರಾಮಿಗೆ ಬಿಟ್ಟಿರುವುದು ಹೆಕ್ಸ್ 0400ರಿಂದ 5FFFವರೆಗೆ, ಬರೀ 23 ಕೆಬಿ. 6000ದಿಂದಾಚೆಗಿನ 8,000 ಬೈಟು ಪರದೆಯ ನಕಲು. ಮೆನು ಇಳಿಬಿಟ್ಟಾಗ ಕೆಳಗೆ ಮುಚ್ಚಿಹೋದ ಚಿತ್ರವನ್ನು, ಮೆನು ಮುಚ್ಚಿದ ಮೇಲೆ ಜಿಯೋಸ್ ಈ ನಕಲಿನಿಂದಲೇ ತಂದು ತುಂಬುತ್ತದೆ. ಆತ ಆ ಜಾಗವನ್ನೂ ಪ್ರೋಗ್ರಾಮಿಗೇ ಕೊಟ್ಟುಬಿಟ್ಟ. ಲಿಂಕರ್ ತೆಪ್ಪಗಾಯಿತು.

ಓಡಿಸಿದರೆ ಯಂತ್ರವೇ ಸ್ತಬ್ಧ. ಜಿಯೋಸ್ ಏನೇ ಬರೆದರೂ ಎರಡೂ ಕಡೆ ಬರೆಯುತ್ತದಲ್ಲ! ಕ್ಯಾಲೆಂಡರಿನ ಚೌಕಟ್ಟು ಪರದೆಯ ಮೇಲೂ ಬಿತ್ತು, ಕೋಡಿನ ಮೇಲೂ ಬಿತ್ತು. ಪ್ರೊಸೆಸರ್ ಪಾಪ, ಚಿತ್ರವನ್ನೇ ಆಜ್ಞೆಯೆಂದು ಓದಲು ಹೊರಟಿತ್ತು.

ಕಣ್ಣಿಗೆ ಕಾಣುವ ಪರದೆಗೆ ಮಾತ್ರ ಬರೆ ಎಂದು ಒಂದು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಿದ. ಕ್ಯಾಲೆಂಡರ್ ಬಂತು. ಮೌಸ್ ಒತ್ತಿದಾಗ ಮೆನು ಇಳಿಯಿತು. ಮೆನು ಮುಚ್ಚಿದ, ಅದು ಇದ್ದ ಜಾಗದಲ್ಲಿ, ಅದೇ ಅಳತೆಯಲ್ಲಿ, ಕಪ್ಪು ಚುಕ್ಕೆಗಳ ರಾಶಿ! ನಕಲಿನ ಜಾಗದಲ್ಲಿ ಈಗ ಇರುವುದು ಕೋಡು. ಜಿಯೋಸ್ ನಂಬಿಕೆಯಿಂದ ಅದನ್ನೇ ತಂದು ಹಾಸಿತ್ತು. ಆಗಷ್ಟೇ ಚಿತ್ರ ಕೋಡಾಗಿತ್ತು, ಈಗ ಕೋಡು ಚಿತ್ರ. ಇಷ್ಟು ವರ್ಷ ಪ್ರೋಗ್ರಾಂ ಬರೆದು ಬದುಕಿದ ನಾನು ಪ್ರೋಗ್ರಾಮಿನ ಮೈಯನ್ನು ಬರಿಗಣ್ಣಿನಿಂದ ನೋಡಿರಲಿಲ್ಲ.

“ಇದನ್ನು ನೋಡಿ” ಎಂದು ಆತ ಪರದೆಯ ನಡುವೆ ಒಂದು ಡಯಲಾಗ್ ಬಾಕ್ಸ್ ತೆರೆದು ಮುಚ್ಚಿದ. ಅಲ್ಲಿ ಬೇರೆಯೇ ನೇಯ್ಗೆ: ಮೇಲಿನಿಂದ ಕೆಳಗೆ ನೇರ ಪಟ್ಟಿಗಳು, ಎಂಟೆಂಟು ಚುಕ್ಕೆಗೊಂದು. ತುಸು ಯೋಚಿಸಿದೆ, ಹೊಳೆಯಿತು. ಅವು ಪ್ರೋಗ್ರಾಮಿನೊಳಗಿನ ಇಂಗ್ಲಿಷ್ ಪದಗಳು, ತಿಂಗಳ ಹೆಸರು, ಸೂಚನೆಗಳು. ಸಣ್ಣಕ್ಷರಗಳ ಆಸ್ಕಿ ಸಂಕೇತದಲ್ಲಿ ಎಡದಿಂದ ಮೊದಲ ಬಿಟ್ ಸದಾ 0, ಮುಂದಿನೆರಡು ಸದಾ 1. ಯಾವ ಅಕ್ಷರ ಬಂದರೂ ಆ ಎರಡು ಚುಕ್ಕೆ ಕಪ್ಪೇ. ಸಾಲಾಗಿ ಪೇರಿಸಿದರೆ ಪಟ್ಟಿ. ಉಳಿದ ಐದು ಬಿಟ್‌ಗಳ ಗಡಿಬಿಡಿಯಲ್ಲಿ ಜನವರಿಯೂ ಇತ್ತು, ಆಗಸ್ಟೂ ಇತ್ತು.

ಪರಿಹಾರ ಸುಲಭದ್ದು. ಮುಚ್ಚಿದ ಜಾಗವನ್ನು ತುಂಬುವ ಕೆಲಸ ಯಾವ ರೂಟೀನಿಗೆ ಹೋಗಬೇಕೆಂದು ಜಿಯೋಸ್ ಒಂದು ವೆಕ್ಟರಿನಲ್ಲಿ ನೋಡಿಕೊಳ್ಳುತ್ತದೆ. ಅಲ್ಲಿ ತನ್ನದೇ ರೂಟೀನಿನ ವಿಳಾಸ ಇಟ್ಟರಾಯಿತು. ಇಟ್ಟ. ಈಗ ಮೆನು ಮುಚ್ಚಿದಾಗಲೆಲ್ಲ ಕ್ಯಾಲೆಂಡರ್ ಹೊಸದಾಗಿ ಬರೆದುಕೊಳ್ಳುತ್ತದೆ, ಮೊದಲು ಗೆರೆ, ಆಮೇಲೆ ವಾರ, ಆಮೇಲೆ ಒಂದೊಂದೇ ತಾರೀಖು, ಕಣ್ಣಿಗೆ ಕಾಣುವಷ್ಟು ನಿಧಾನಕ್ಕೆ. ಆತನಿಗೆ ಅದು ಸರಿಬರಲಿಲ್ಲ. ಪ್ರೋಗ್ರಾಮನ್ನೇ ತುಂಡು ಮಾಡಿ, ಬೇಕಾದಾಗ ಬೇಕಾದ ತುಂಡನ್ನು ಫ್ಲಾಪಿಯಿಂದ ತರಿಸಿಕೊಂಡು, ನಕಲಿನ ಜಾಗವನ್ನು ಜಿಯೋಸ್‌ಗೇ ಹಿಂತಿರುಗಿಸುವ ಯೋಚನೆ. 1541 ಫ್ಲಾಪಿ ಡ್ರೈವು ಪ್ರತಿ ತುಂಡಿಗೂ ಗರಗರ ಎನ್ನುವುದನ್ನು ಯಾರು ಕಾಯುತ್ತಾರೆ, ಇದೇ ವಾಸಿ ಎಂದೆ. ಆತ ಒಪ್ಪಲಿಲ್ಲ.