ಸೇವಂತಿಗೆಯ ಜಾತಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ತಳಿ ಎಂಬ ಮಾತನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮಾಗಡಿಯ ಕಡೆ ಅಪ್ಪಟ ಮೈಸೂರು ತಳಿಯ ಬಿತ್ತನೆಗೂಡನ್ನು ಬೆಳೆಯುವವರುಂಟು; ಅದರ ಹೆಣ್ಣು ಚಿಟ್ಟೆಗೆ ಬೇರೊಂದು ತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿಯ ಗೂಡು ರಾಮನಗರದ ಮಾರುಕಟ್ಟೆಗೆ ಬರುವುದು. ಹುಳುವಿನಲ್ಲಿ ಸಾಧ್ಯವಾದುದು ಹೂವಿನಲ್ಲೇಕೆ ಆಗಬಾರದೆಂಬ ಕುತೂಹಲವೇ ನನ್ನನ್ನು ಸೇವಂತಿಗೆಯ ಕುಂಡಗಳ ಬಳಿಗೆ ಎಳೆದುದು.

ನಾವು ಒಂದು ಹೂವೆಂದು ಕರೆಯುವ ಸೇವಂತಿಗೆ ವಾಸ್ತವವಾಗಿ ಒಂದು ಅವಿಭಕ್ತ ಕುಟುಂಬ. ಅಂಚಿನಲ್ಲಿ ಎಸಳೆಂದು ತೋರುವ ಒಂದೊಂದೂ ಒಂದೊಂದು ಹೆಣ್ಣು ಹೂವು. ನಡುವಣ ಹಳದಿಯ ಬಿಲ್ಲೆಯಲ್ಲಿ ಹೆಣ್ಣು ಗಂಡು ಎರಡೂ ಅಂಗಗಳುಳ್ಳ ಪುಟ್ಟ ಹೂಗಳು ಒತ್ತಾಗಿ ಕುಳಿತಿರುವುವು. ಸಗೋತ್ರ ವಿವಾಹವನ್ನು ಒಲ್ಲದ ಮನೆತನದಂತೆ, ಈ ಗಿಡವು ತನ್ನ ಪರಾಗವನ್ನು ತಾನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಆದುದರಿಂದ ಬೀಜ ಬೇಕೆಂದರೆ ಎರಡು ಬೇರೆ ತಳಿಗಳ ಗಿಡಗಳು ಬೇಕು. ನಾನು ಮಾಲೆಗೆಂದು ಬೆಳೆಯುವ ಹಳದಿಯದೊಂದನ್ನೂ ಕುಳ್ಳಾದ ಕೆಂಪು ಹೂವಿನದೊಂದನ್ನೂ ಆರಿಸಿಕೊಂಡೆನು. ಹಳದಿ ಹೂವಿನ ಎಸಳುಗಳನ್ನು ಕತ್ತರಿಯಿಂದ ಮೋಟು ಮಾಡಿದರೆ ಕವಲೊಡೆದ ಶಲಾಕಾಗ್ರಗಳು ಕಾಣುವುವು. ಅವುಗಳಿಗೆ ಕೆಂಪಿನ ಪರಾಗವನ್ನು ಮೃದುವಾದ ಕುಂಚದಿಂದ ಸೋಕಿಸಿ, ಜೇನುನೊಣ ಬಾರದಂತೆ ಕಾಗದದ ಚೀಲ ಕಟ್ಟಿದೆನು. ಸುಮಾರು ಎರಡು ತಿಂಗಳಲ್ಲಿ ಬೀಜ ಬಲಿಯಿತು. ಮಾಘದ ಕೊನೆಗೆ ಬಿತ್ತಿದೆನು. 41 ಸಸಿಗಳು ಎದ್ದುವು.

ಆ ಕಾರ್ತಿಕದಲ್ಲಿ ಅವು ಹೂಬಿಟ್ಟಾಗ ಒಂದರಂತೆ ಒಂದು ಇರಲಿಲ್ಲ. ಮನುಷ್ಯನ ಜೀವಕೋಶದಲ್ಲಿ ವರ್ಣತಂತುಗಳು ಎರಡು ಕಟ್ಟು. ಸೇವಂತಿಗೆಯಲ್ಲಾದರೋ ಸಾಮಾನ್ಯವಾಗಿ ಒಂಬತ್ತೊಂಬತ್ತರ ಆರು ಕಟ್ಟು, ಒಟ್ಟು 54. ಇಷ್ಟು ದೊಡ್ಡ ಬೊಕ್ಕಸದಿಂದ ಯಾವ ಮಗುವಿಗೆ ಯಾವ ಒಡವೆ ಬರುವುದೋ ಯಾರೂ ಮುಂದಾಗಿ ಹೇಳಲಾರರು. ಆದರೆ ಮೆಚ್ಚಿದ ಮಗು ಒಂದು ಸಿಕ್ಕಿತೆಂದರೆ ಮತ್ತೆ ಬೀಜದ ಗೊಡವೆಯಿಲ್ಲ. ಹಿಪ್ಪುನೇರಳೆಯ ಕಡ್ಡಿಯನ್ನು ನೆಟ್ಟು ಬಲ್ಲ ನಮ್ಮವರಿಗೆ ಇದು ಹೊಸತಲ್ಲ: ನಾಲ್ಕು ಬೆರಳುದ್ದದ ಕುಡಿಯನ್ನು ಕತ್ತರಿಸಿ ಮರಳಿನಲ್ಲಿ ಊರಿದರೆ, ತಾಯಿಯ ಗುಣವೇ ಮುಂದುವರಿಯುವುದು.

ಹಾಗಾದರೆ ಹೊಸ ತಳಿಯ ಹುಟ್ಟಿನಲ್ಲಿ ಕಷ್ಟವಾದ ಭಾಗ ಯಾವುದು? ಕೂಡಿಸುವುದಲ್ಲ, ಬಿಡುವುದು. ನಮ್ಮ ಮನೆಯಲ್ಲಿ ಇದು ಮಾತಿಗೆ ಮಾತು ಬೆಳೆಯುವವರೆಗೂ ಹೋಯಿತು. 41ರಲ್ಲಿ ಒಂದು ಗಿಡವು ಅಂಗೈಯಗಲದ ತಾಮ್ರವರ್ಣದ ಹೂ ಕೊಟ್ಟಿತು. ನನ್ನ ಸೋದರತ್ತೆ ದಿನವೂ ಬೆಳಗ್ಗೆ ಮೊದಲು ಅದನ್ನೇ ನೋಡಿ ಬರುತ್ತಿದ್ದರು. ಆದರೆ ಅದರ ಕಾಂಡ ಎರಡು ಮೊಳ ಎತ್ತರ ಬೆಳೆದು, ಕೋಲು ಕೊಡದಿದ್ದರೆ ಹೂವಿನ ಭಾರಕ್ಕೆ ನೆಲ ಕಚ್ಚುತ್ತಿತ್ತು. ಇನ್ನೊಂದು ಗಿಡದ ಹೂವು ರೂಪಾಯಿಗಿಂತ ಕೊಂಚ ದೊಡ್ಡದು. ಆದರೆ ಗಿಡ ಒಂದೇ ಗೇಣು, ಕುಡಿ ಚಿವುಟದಿದ್ದರೂ ತಾನಾಗಿ ಕವಲೊಡೆದು, ಕುಂಡದ ಮೇಲೆ ಬೋಗುಣಿ ಕವುಚಿದಂತೆ ನಿಲ್ಲುವುದು. ಚಿವುಟುವ ಕೆಲಸವೂ ಊರುಗೋಲೂ ಬೇಡದ ಇಂಥ ಕುಳ್ಳ ಗಿಡಗಳನ್ನು ಕುಂಡಕ್ಕಾಗಿಯೇ ಲಖ್ನೋವಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಬೆಳೆಸಿ ಕೊಟ್ಟಿದ್ದಾರೆ.

ಬೇಸಗೆಯಲ್ಲಿ ನಮ್ಮ ಬಾವಿಯ ನೀರು ಇಪ್ಪತ್ತು ಕುಂಡಗಳಿಗೆ ಸಾಲದು. ಒಂದನ್ನು ಕಡ್ಡಿಯಿಂದ ಹೆಚ್ಚಿಸಬೇಕಾದರೆ ಇನ್ನೊಂದನ್ನು ಬಿಡಲೇಬೇಕು. “ಇಷ್ಟು ಚಂದದ ಹೂವನ್ನು ಬಿಸಾಡಿ ಆ ಕುಳ್ಳನನ್ನು ಸಾಕುತ್ತೀಯೇನಪ್ಪ? ದೇವರ ಮುಡಿಗೇರದ ಹೂವಿಗೆ ಇಷ್ಟು ಆರೈಕೆಯೇ?” ಎಂದರು ಅತ್ತೆ. “ನಾನು ಹುಡುಕುತ್ತಿರುವುದು ಕುಂಡದ ಗಿಡವನ್ನು ಅತ್ತೆ,” ಎಂದೆನು. “ಹಾಗಾದರೆ ಅದು ಕುಂಡಕ್ಕೆ ಬೇಡವೆನ್ನು, ಗಿಡವೇ ಬೇಡವೆನ್ನಬೇಡ,” ಎಂದರು. ಆ ಮಾತಿಗೆ ಎದುರಿರಲಿಲ್ಲ. ತಾಮ್ರದ ಗಿಡವು ಹಿತ್ತಲಿನ ನೆಲಕ್ಕಿಳಿಯಿತು. ಅಲ್ಲಿ ಕೋಲಿಗೂ ಅಡ್ಡಿಯಿಲ್ಲ, ಪಾತ್ರೆ ತೊಳೆದ ನೀರೂ ಸಾಕು. ಗುಣದೋಷಗಳು ಗಿಡದಲ್ಲಿ ಮಾತ್ರವಲ್ಲ, ನಾವು ಅದಕ್ಕೆ ಕೊಡುವ ಸ್ಥಾನದಲ್ಲಿಯೂ ಇರುವುವೆಂಬುದು ಅಂದು ನನಗೆ ತಿಳಿಯಿತು.

ಇನ್ನು ಉಳಿದ ಗಿಡದ ವರ್ಣನೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಹೊಸ ತಳಿಯಲ್ಲಿ ಕೇಳುವ ಮುಖ್ಯ ಲಕ್ಷಣಗಳು ಮೂರು: ಬಲ್ಲ ತಳಿಗಳಿಂದ ಭಿನ್ನವಾಗಿರಬೇಕು; ಅದರ ಗಿಡಗಳೆಲ್ಲ ಒಂದೇ ತೆರನಾಗಿರಬೇಕು; ವರ್ಷದಿಂದ ವರ್ಷಕ್ಕೆ ಬದಲಾಗದೆ ನಿಲ್ಲಬೇಕು. ಆದುದರಿಂದ ಒಂದು ಗಿಡವನ್ನು ಹೊಗಳಿದರೆ ವರ್ಣನೆಯಾಗದು. ಹತ್ತು ಕಡ್ಡಿಗಳನ್ನು ಬೇರು ಬರಿಸಿ, ಒಂದೇ ಅಳತೆಯ ಕುಂಡ, ಒಂದೇ ಮಣ್ಣು ಕೊಟ್ಟು, ಎರಡು ಕಾರ್ತಿಕಗಳವರೆಗೆ ಬರೆದಿಟ್ಟೆನು: ಎತ್ತರ, ಕವಲುಗಳ ಸಂಖ್ಯೆ, ಎಲೆಯ ಸೀಳು, ಹೂವಿನ ಅಗಲ, ಎಸಳಿನ ಎಣಿಕೆ, ಮೊಗ್ಗಿನ ದಿನ, ಬಾಡುವ ದಿನ. ಬಾಗಿಲ ದೀಪದ ಬಳಿ ಯಾವುದನ್ನೂ ಇಡಲಿಲ್ಲ. ರಾತ್ರಿ ದೀರ್ಘವಾದ ಹೊರತು ಸೇವಂತಿಗೆ ಮೊಗ್ಗಿಡದು, ದೀಪದ ಬೆಳಕು ಅದರ ಇರುಳನ್ನು ಮುರಿಯುವುದು. ಹಗಲಿರುಳುಗಳ ಈ ಲೆಕ್ಕವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು.

ಬಣ್ಣವನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಪಂಡಿತರು ಇದಕ್ಕೆ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಪಟ್ಟಿಯನ್ನು ಹಿಡಿದು ಸಂಖ್ಯೆ ಹೇಳುವರು. ನನ್ನ ಬಳಿ ಇದ್ದುದು ಚನ್ನಪಟ್ಟಣದ ಗೊಂಬೆಯವರ ಅರಗಿನ ಬಣ್ಣದ ಕಡ್ಡಿಗಳು ಮತ್ತು ಅತ್ತೆಯ ಕಣ್ಣು. “ಹಳದಿ” ಎಂದು ನಾನು ಬರೆದುದನ್ನು ನೋಡಿ ಅವರು, “ಹಸಿ ಅರಿಸಿನದ ಕೊಂಬನ್ನು ಮುರಿದರೆ ಒಳಗಿರುವ ಬಣ್ಣ, ಎಸಳಿನ ಬೆನ್ನಿಗೆ ಮಾತ್ರ ಇಟ್ಟಿಗೆಯ ಛಾಯೆ,” ಎಂದು ತಿದ್ದಿಸಿದರು. ಹತ್ತೂ ಕುಂಡಗಳಲ್ಲಿ ಆ ಛಾಯೆ ಇತ್ತು. ಎರಡನೆಯ ವರ್ಷವೂ ಇತ್ತು. ಜಡಿಮಳೆಯಲ್ಲಿ ಕೆಳಗಿನ ಎಲೆಗಳು ಕಪ್ಪಾಗಿ ಉದುರುವುದನ್ನೂ ಅದೇ ಪುಟದಲ್ಲಿ ಬರೆದೆನು. ದೋಷವನ್ನು ಮುಚ್ಚಿದ ಜಾತಕದಿಂದ ಮದುವೆಯಾದೀತು, ಸಂಸಾರ ಸಾಗದು.

ಅರ್ಕಾವತಿಯ ದಡದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಸ್ವರ್ಣ’ದಂಥ ಸೇವಂತಿಗೆಗಳನ್ನು ಕೊಟ್ಟಿದ್ದಾರೆ. ಅದೇ ನದಿ ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಗೆ ಸೇರುವುದು. ಅವರ ಸಾಧನೆಯ ಮುಂದೆ ನಮ್ಮ ಜಗಲಿಯ ಪ್ರಯತ್ನ ಎಷ್ಟರದು? ನನ್ನ ಗಿಡಕ್ಕೆ ಇನ್ನೂ ಹೆಸರಿಟ್ಟಿಲ್ಲ; ಬಲ್ಲವರು ಇತರ ತಳಿಗಳೊಡನೆ ಹೋಲಿಸಿ ನೋಡುವವರೆಗೆ ಅದು 17ನೆಯ ಸಸಿಯೇ. ಆದರೆ ಎರಡು ಕುಂಡ, ಒಂದು ಕುಂಚ, ಒಂದು ಪುಸ್ತಕ ಇರುವ ಯಾವ ಗೃಹಸ್ಥನಿಗೂ ಈ ಕೆಲಸ ಎಟುಕದ್ದಲ್ಲ. ಬೀಜವನ್ನು ಪ್ರಕೃತಿ ಕೊಡುವುದು. ಕಂಡುದನ್ನು ಕಂಡಂತೆ ಬರೆಯುವ ಹೊಣೆ ಮಾತ್ರ ನಮ್ಮದು.