ಪಾಲುಪಟ್ಟಿಯಲ್ಲಿ ಸೇರದ ಶಲ್ಯ

ಮಡಂತ್ಯಾರಿನಿಂದ ಗುರುವಾಯನಕೆರೆಯ ಮೂಲಕ ವೇಣೂರಿಗೆ ಹೋಗುವಾಗಲೆಲ್ಲ ನನ್ನ ಸೋದರಮಾವನವರು ಒಂದು ಐತಿಹ್ಯವನ್ನು ತಪ್ಪದೆ ಹೇಳುತ್ತಿದ್ದರು. ವೇಣೂರಿನ ಅರಸ ತಿಮ್ಮಣ್ಣ ಅಜಿಲನು ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ಕಡೆಸುತ್ತಿರುವನೆಂಬ ಸುದ್ದಿ ಕಾರ್ಕಳದ ಭೈರವರಸನ ಕಿವಿಗೆ ಬಿದ್ದಿತಂತೆ. ಕಾರ್ಕಳದಲ್ಲಿ 1432ರಲ್ಲಿಯೇ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಮೂರ್ತಿ ಇದ್ದಿತು. ನೆರೆಯ ಸಣ್ಣ ಸೀಮೆಗೆ ಅಂಥದೇ ಕೀರ್ತಿ ಸಲ್ಲಬಾರದೆಂದು ಅವನು ಮೂರ್ತಿಯನ್ನು ತನಗೆ ಒಪ್ಪಿಸುವಂತೆ ಹೇಳಿಕಳುಹಿಸಿ, ಅಜಿಲನು ಒಪ್ಪದಿದ್ದಾಗ ದಂಡೆತ್ತಿ ಬಂದನಂತೆ. ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹುದುಗಿಸಿಟ್ಟು, ಕಂಟಕ ಕಳೆದ ಮೇಲೆ ಹೊರತೆಗೆಸಿ ಪ್ರತಿಷ್ಠಾಪಿಸಿದನಂತೆ. ಇದು ಜನರ ಬಾಯಲ್ಲಿ ಬಂದ ಕಥೆ; 1604ರ ಪ್ರತಿಷ್ಠೆ ಮಾತ್ರ ಶಾಸನದ್ದು.

“ಎಲ್ಲವನ್ನೂ ಬಿಟ್ಟು ನಿಂತವನಿಗಾಗಿ ಇಬ್ಬರು ಅರಸರು ಬಡಿದಾಡಿದರು, ನೋಡು” ಎಂದು ಹೇಳಿ ಮಾವನವರು ನಗುತ್ತಿದ್ದರು. ಅವರು 1986ರಲ್ಲಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿಯೇ ಅಂಥ ಬಡಿದಾಟ ನಡೆಯಿತು. ದಂಡೆತ್ತಿ ಹೋದವನು ನಾನು.

ತುಳುನಾಡಿನಲ್ಲಿ ಇಂದ್ರರನ್ನು ಬಿಟ್ಟರೆ ನಮ್ಮ ಜೈನ ಮನೆತನಗಳಲ್ಲಿ ಅಳಿಯಸಂತಾನವೇ ರೂಢಿ. ವೇಣೂರಿನ ಶಾಸನವೂ ತಿಮ್ಮರಾಜನನ್ನು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ ಎಂದೇ ಪರಿಚಯಿಸುತ್ತದೆ. ಹಳೆಯ ಕಟ್ಟಿನಲ್ಲಿ ಎಲ್ಲರೂ ಒಪ್ಪಿದರಷ್ಟೇ ಪಾಲು. ಒಬ್ಬನ ಹಟಕ್ಕೆ ಮನೆ ಒಡೆಯುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತೀರಿಕೊಂಡವನ ಭಾಗದಲ್ಲಿ ಅವನ ಹೆಂಡತಿ ಮಕ್ಕಳಿಗೂ ಹಕ್ಕನ್ನಿತ್ತಿತು. 1974ರ ಭೂಸುಧಾರಣೆಯಿಂದ ಗದ್ದೆಗಳು ಗೇಣಿದಾರರ ಪಾಲಾದ ಮೇಲೆ ನಮ್ಮಲ್ಲಿ ಉಳಿದದ್ದು ಹಳೆಯ ಮನೆ ಮತ್ತು ಅದರ ಸುತ್ತಲಿನ ಅಡಿಕೆ ತೋಟ. ರೂಢಿಯ ಪ್ರಕಾರ ಯಜಮಾನಿಕೆ ಅಳಿಯನಾದ ನನ್ನದು. ಕಾಯಿದೆಯ ಪ್ರಕಾರ ಮಾವನವರ ಭಾಗ ಅವರ ಮಗನದು, ಎಂದರೆ ನನ್ನ ಭಾವನವರದು. ಅವರು ಹುಟ್ಟಿ ಬೆಳೆದದ್ದು ಆ ಮನೆಯಲ್ಲಿ. ಮಾವನವರು ಹಾಸಿಗೆ ಹಿಡಿದ ಎರಡು ವರ್ಷ ಗಂಜಿ ಕುಡಿಸಿದವರೂ ಅವರೇ. ನಾನಾಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೆ.

ಎಂಟು ವರ್ಷ ವ್ಯಾಜ್ಯ ನಡೆಯಿತು. ಭಾವನವರ ಭಾಗವನ್ನು ಕುಗ್ಗಿಸಲು ನನ್ನ ವಕೀಲರು ಹುಡುಕಿದ ದಾರಿಗಳನ್ನು ಇಲ್ಲಿ ಬರೆಯಲಾರೆ. ಆದರೆ ಒಂದೊಂದಕ್ಕೂ ನಾನು ತಲೆಯಾಡಿಸಿದ್ದುಂಟು. 1994ರಲ್ಲಿ ಒಂದು ದಿನ ಭಾವನವರು “ನನಗೇನೂ ಬೇಡ” ಎಂದು ರಾಜಿಪತ್ರಕ್ಕೆ ಸಹಿ ಹಾಕಿದರು. ತಂದೆಯ ಜಪಮಾಲೆಯನ್ನಷ್ಟೇ ತೆಗೆದುಕೊಂಡು ಮೂಡುಬಿದಿರೆಗೆ ಹೋಗಿ ಬಾಡಿಗೆ ಮನೆಯಲ್ಲಿ ನಿಂತರು. ಊರಿನವರು ಅವರನ್ನು ತ್ಯಾಗಿ ಎಂದರು. ನನಗೆ ಏನನ್ನೂ ಅನ್ನಲಿಲ್ಲ.

ಆ ಮೇಲೆ ಪುರಾಣ ಪ್ರವಚನದಲ್ಲಿ ಭರತ ಬಾಹುಬಲಿಯರ ಪ್ರಸಂಗ ಬಂದಾಗಲೆಲ್ಲ ನನಗೆ ಕುಳಿತಲ್ಲಿ ಕುಳಿತಿರಲಾಗುತ್ತಿರಲಿಲ್ಲ. ಪಾಲು ಅಸ್ಪಷ್ಟವಾಗಿದ್ದುದರಿಂದ ಹುಟ್ಟಿದ ಕಲಹವಲ್ಲ ಅದು. ಆದಿನಾಥ ಸ್ವಾಮಿಯು ತಾನೇ ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಕೊಟ್ಟು ತಪಸ್ಸಿಗೆ ಹೊರಟಿದ್ದನು. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟದ್ದು ಭೂಮಿ ಸಾಲದೆ ಅಲ್ಲ, ತಮ್ಮಂದಿರು ಬಾಗಲಿಲ್ಲವೆಂದು. ಉಳಿದ ತಮ್ಮಂದಿರು ದೀಕ್ಷೆ ಹಿಡಿದರು. ಬಾಹುಬಲಿ ಮಾತ್ರ ಎದುರು ನಿಂತನು. ಎರಡೂ ಕಡೆಯ ಸೈನಿಕರು ವೃಥಾ ಸಾಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ಮೂರರಲ್ಲಿಯೂ ಸೋತ ಭರತನು ಚಕ್ರವನ್ನೇ ಪ್ರಯೋಗಿಸಿದನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. 941ರಲ್ಲಿ ಪಂಪನು ‘ಆದಿಪುರಾಣ’ದಲ್ಲಿ ಇದನ್ನು ಹೇಳಿದ ಮೇಲೆ ಕನ್ನಡಿಗರಿಗೆ ಈ ಕಥೆ ಮನೆಮಾತು. ನಮ್ಮ ಮೂಡುಬಿದಿರೆಯ ರತ್ನಾಕರವರ್ಣಿಯಾದರೋ 16ನೆಯ ಶತಮಾನದ ‘ಭರತೇಶ ವೈಭವ’ದಲ್ಲಿ ಯುದ್ಧವನ್ನೇ ನಡೆಯಗೊಡುವುದಿಲ್ಲ, ಭರತನು ಮೃದುವಚನದಿಂದಲೇ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ. ಪಂಡಿತರಿಗೆ ಈ ಬದಲಾವಣೆ ಹಿಡಿಸದಿರಬಹುದು. ನಮ್ಮ ನೆಲದ ಕವಿಗೆ ನಮ್ಮ ಮನೆಗಳ ವ್ಯಾಜ್ಯಗಳ ಪರಿಚಯ ಚೆನ್ನಾಗಿಯೇ ಇದ್ದಿತೆಂದು ನನಗೆ ತೋರುತ್ತದೆ.

ನನ್ನನ್ನು ಬಹುಕಾಲ ಕಾಡಿದ್ದು ಕಥೆಯ ಮುಂದಿನ ಭಾಗ. ಬಾಹುಬಲಿ ಒಂದು ವರ್ಷ ಅಲುಗಾಡದೆ ನಿಂತನು. ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಆದರೂ ಕೇವಲಜ್ಞಾನ ಉಂಟಾಗಲಿಲ್ಲ. ತಾನು ನಿಂತಿರುವುದು ಭರತನ ನೆಲ ಎಂಬ ಶಲ್ಯ ಒಳಗೆ ಉಳಿದಿತ್ತೆಂದು ನಮ್ಮ ಹಿರಿಯರು ಹೇಳುತ್ತಾರೆ. ಅಣ್ಣನಿಗೆ ನೋವಿತ್ತೆನೆಂಬುದೇ ಆ ಶಲ್ಯವೆನ್ನುವವರೂ ಇದ್ದಾರೆ. ಅದು ಕಳೆದದ್ದು ಭರತನು ತಾನಾಗಿ ಬಂದು ಪೂಜಿಸಿದಾಗ. ಬಾಲ್ಯದಿಂದ ಈ ಕಥೆಯನ್ನು ನಾನು ಬಾಹುಬಲಿಯ ಕಡೆಯಿಂದಲೇ ಕೇಳಿದ್ದೆ. ನೆಲ ಯಾರ ಕೈಯಲ್ಲಿ ಉಳಿಯಿತೋ ಅವನೇ ನಡೆದು ಹೋಗಬೇಕಾಯಿತು ಎಂಬುದು ನನ್ನ ಕಣ್ಣಿಗೆ ಬೀಳಲು ಮೂವತ್ತು ವರ್ಷ ಹಿಡಿಯಿತು.

2000ದ ಮತ್ತು 2012ರ ವೇಣೂರು ಮಹಾಮಸ್ತಕಾಭಿಷೇಕಗಳಲ್ಲಿ ನಾವಿಬ್ಬರೂ ಇದ್ದೆವು. ಎರಡು ಸಲವೂ ಕಂಡೂ ಕಾಣದಂತೆ ಇದ್ದೆವು. ಪ್ರತಿ ವರ್ಷ ದಶಲಕ್ಷಣ ಪರ್ವದಲ್ಲಿ ‘ಉತ್ತಮ ಕ್ಷಮಾ’ ಎಂದು ಉಚ್ಚರಿಸಿ, ಯಾರಲ್ಲಿ ಕೇಳಬೇಕೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲರಲ್ಲಿ ನಾನು ಕ್ಷಮೆ ಕೇಳಿದ್ದೇನೆ.

2024ರ ಅಭಿಷೇಕಕ್ಕೆ ಒಂದು ತಿಂಗಳಿರುವಾಗ, ತೋಟದ ಅರ್ಧವನ್ನು ಭಾವನವರ ಹೆಸರಿಗೆ ಮಾಡುವ ದಾನಪತ್ರದ ಕರಡು ಬರೆಯಿಸಿಕೊಂಡು ಮೂಡುಬಿದಿರೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತಿದ್ದರು. “ಭಾವ, ಅಂದು ನಾನು ಮಾಡಿದ್ದು ಅನ್ಯಾಯ” ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಉಳಿದ ಮಾತುಗಳು ಹೊರಡಲಿಲ್ಲ. ಅವರು ಕರಡನ್ನು ಓದಿ ಮಡಚಿದರು. ಬಹಳ ಹೊತ್ತಿನ ಮೇಲೆ, “ಪದ್ಮಾವತಿ ಅಮ್ಮನವರ ಮುಂದೆ ಈಗ ದೀಪ ಹಚ್ಚುವವರು ಯಾರು?” ಎಂದು ತುಳುವಿನಲ್ಲಿ ಕೇಳಿದರು.

“ಕೆಲಸದವನು” ಎಂದೆ.

ಅವರು ಮುಖ ತಿರುಗಿಸಿದರು. ಕ್ಷಮಿಸಿದೆನೆಂದು ಅಂದು ಹೇಳಲಿಲ್ಲ, ಈವರೆಗೂ ಹೇಳಿಲ್ಲ. ದಾನಪತ್ರಕ್ಕೂ ಒಪ್ಪಿಲ್ಲ, ಕರಡು ಅವರ ಪೆಟ್ಟಿಗೆಯಲ್ಲಿದೆ. ಆದರೆ ಈಗ ಶುಕ್ರವಾರಗಳಂದು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರುತ್ತಾರೆ. ದೇವರ ಕೋಣೆಯನ್ನು ತಾವೇ ಗುಡಿಸಿ, ದೀಪ ಹಚ್ಚಿ, ಸೂರ್ಯಾಸ್ತಕ್ಕೆ ಮುಂಚೆ ನನ್ನೊಡನೆ ಊಟ ಮುಗಿಸಿ ಹಿಂತಿರುಗುತ್ತಾರೆ.